ಹೊರಮೈ ಬಿಟ್ಟು ತೂತಿಗೇ ಡಯಲ್ ಇಟ್ಟೆ

ಉದ್ದನೆ ಸ್ಪಿಂಡಲ್‌ಗೆ (ಟೂಲ್ ಹಿಡಿದು ತಿರುಗೋ ಶಾಫ್ಟ್) ಎಂಟಿ-2 ಸಾಕೆಟ್, ಅಂದರೆ ಟೂಲ್ ಕೂರೋ ಮೋರ್ಸ್ ಟೇಪರ್ ಎರಡನೇ ನಂಬರಿನ ಇಳಿಜಾರು ತೂತು, ಹೊಡೆದು ಅದರ ಓಲಾಟ ಹತ್ತು ಮೈಕ್ರಾನ್ (ಎಂಎಂನ ನೂರನೇ ಒಂದು ಭಾಗ) ಒಳಗೆ ತರೋದು ಹಳೇ ಎಚ್‌ಎಂಟಿ ಲೇತಿನಲ್ಲಿ ಆಗದ ಮಾತು ಅಂತ ಪೀಣ್ಯದಲ್ಲಿ ನಮ್ಮ ಸಾಲಿನ ಶೆಡ್‌ನವರೆಲ್ಲ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಜಾಬ್ ತಂದುಕೊಡ್ತಾರೆ.

ಇಎನ್-24 ಅನ್ನೋ ಗಟ್ಟಿ ಉಕ್ಕಿನ ಸರಳು, ಹೊರಗೆ 40 ಎಂಎಂ, ಟೂಲನ್ನು ಹಿಂದಿನಿಂದ ಎಳೆದು ಹಿಡಿಯೋ ಡ್ರಾಬಾರ್‌ಗೆ ಅಂತ ಉದ್ದಕ್ಕೂ 12 ಎಂಎಂ ಗನ್ ಡ್ರಿಲ್ (ಆಳ ಕೊರೆಯೋ ಉದ್ದ ಡ್ರಿಲ್) ತೂತು. ಮೊದಲು ಎಲ್ಲರ ಹಾಗೆ ಮೂರು ಜಾ (ಹಿಡಿಯೋ ದವಡೆ) ಚಕ್, ಮುಂದೆ ಸರಳಿಗೆ ಆಸರೆಯಾಗಿ ಸ್ಟೆಡಿ. ಹೊರಮೈ ನೀಟಾಗಿ ಓಡ್ತಿತ್ತು, ತೂತು ಮಾತ್ರ ತನ್ನ ಪಾಡಿಗೆ ತಾನು. ಗನ್ ಡ್ರಿಲ್ ತೂತು ನಾವಂದುಕೊಂಡಷ್ಟು ನೆಟ್ಟಗಿರಲ್ಲ. ಆಚೆ ತುದಿಯಲ್ಲಿ ಗೋಡೆ ದಪ್ಪ ಕಾಲು ಎಂಎಂವರೆಗೂ ಹೆಚ್ಚುಕಮ್ಮಿ ಸಿಕ್ಕಿದ್ದುಂಟು. ಆಮೇಲೆ ಒಂದೊಂದು ಜಾ ಬೇರೆಬೇರೆ ತಿದ್ದಬಹುದಾದ ನಾಲ್ಕು ಜಾ ಚಕ್, ಸರಳು ಹೆಡ್‌ಸ್ಟಾಕ್ (ಚಕ್ ತಿರುಗಿಸೋ ಲೇತಿನ ತಲೆ) ಒಳಗಿಂದ ಹಾಯ್ದು ಹಿಂದೆ ಬರೋ ಹಾಗೆ, ಹಿಂದಿನ ತುದಿಯನ್ನು ಸುತ್ತಲಿಂದ ಒತ್ತಿ ತಿದ್ದೋಕೆ ನಾಲ್ಕು ಬೋಲ್ಟಿನ ಸ್ಪೈಡರ್. ಓಲಾಟ ಅಳೆಯೋ ಡಯಲ್ ಗೇಜ್ ಸೊನ್ನೆ ತೋರಿಸಿತು. ಸಾಕೆಟ್ ಮುಗಿಸಿ ಬೋಲ್ಟ್ ಸಡಿಲಿಸಿದ ಕೂಡಲೇ ಎಂಎಂನ ಮೂರ್ನಾಲ್ಕು ನೂರಾಂಶ ಹೊರಗೆ! ಜಾ ಒಂದೂವರೆ ಇಂಚು ಉದ್ದಕ್ಕೂ ಹಿಡಿದಿತ್ತು, ಸ್ಪೈಡರ್ ಇನ್ನೊಂದು ಕಡೆ ಎಳೀತಿತ್ತು, ಸರಳು ನಡುವೆ ಬಿಲ್ಲಿನ ಹಾಗೆ ಬಗ್ಗಿತ್ತು. ಹೀಗೆ ಹೋದ ಸರಳು, ಗನ್ ಡ್ರಿಲ್ ಕೂಲಿ, ಒಂದು ಫಿನಿಶಿಂಗ್ ರೀಮರ್ (ತೂತನ್ನು ಕೊನೆಯ ಅಳತೆಗೆ ತರೋ ಟೂಲ್) ಎಲ್ಲ ಸೇರಿ ಹದಿನೈದು ಸಾವಿರದ ಮೇಲೇ ಕೈಬಿಟ್ಟಿತು.

ಉಪಾಯ ಸಿಕ್ಕಿದ್ದು ರೈಫಲ್ ಬ್ಯಾರೆಲ್‌ಗೆ ಚೇಂಬರ್ (ತೋಟಾ ಕೂರೋ ಜಾಗ) ಕೊರೆಯೋ ಅಮೆರಿಕದವರ ಪದ್ಧತಿಯಲ್ಲಿ. ಅವರಿಗೂ ಇದೇ ತಲೆನೋವು: ಹೊರಮೈಗೂ ತೂತಿಗೂ ಸಂಬಂಧ ಇರಲ್ಲ. ಜಾ ಕೆಳಗೆ ದಪ್ಪ ತಾಮ್ರದ ತಂತಿ ಒಂದೇ ಸುತ್ತು. ಅಷ್ಟೇ. ಸರಳು ಆ ತಂತಿಯ ಗೆರೆಯ ಮೇಲೆ ಓಲಾಡುತ್ತೆ, ಹಿಂದಿನ ಸ್ಪೈಡರ್ ಹೇಳಿದ ಕಡೆ ಒತ್ತಡವಿಲ್ಲದೆ ವಾಲುತ್ತೆ. ನಾನು ಮೋಟಾರ್ ರೀವೈಂಡಿಂಗ್ ಅಂಗಡಿಯ ಗುಜರಿ ತಂತಿ ತಂದೆ, ಕಾಸಿಲ್ಲದೆ. ಸ್ಪೈಡರ್ ಬೋಲ್ಟ್ ತುದಿಗೆ ಹಿತ್ತಾಳೆ.

ಡಯಲ್ ತೂತಿನ ಬಾಯಲ್ಲಿ ಇಟ್ಟು ಚಕ್ ತಿದ್ದಬೇಕು, ಸಾಕೆಟ್ ಮುಗಿಯೋ ಜಾಗದಲ್ಲಿ, ಅಂದಾಜು 70 ಎಂಎಂ ಒಳಗೆ, ಇಟ್ಟು ಸ್ಪೈಡರ್ ತಿದ್ದಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತೆ, ಕೆರಳಬೇಡಿ. ಶುರುವಿನಲ್ಲಿ ಅರ್ಧ ದಿನ ತಿಂದಿತು, ಈಗ ಮುಕ್ಕಾಲು ಗಂಟೆ. ಆಚೆ ತುದಿಯ ತೂತು ಎಷ್ಟು ತೂಗಾಡಿದರೂ ಬಿಟ್ಟುಬಿಡಿ, ಅಲ್ಲಿ ಡ್ರಾಬಾರ್ ಹಾದರೆ ಸಾಕು. ತೂಗಾಡೋ ಸರಳು ಅಂತ ವೇಗ ಮಾತ್ರ ನಿಮಿಷಕ್ಕೆ 200 ಸುತ್ತಿನ ಕೆಳಗೆ.

ಅಷ್ಟು ಒಳಗೆ ಮುಟ್ಟಲು ಲಿವರ್ ಡಯಲ್‌ಗೆ ಉದ್ದದ ಕಡ್ಡಿ ಬೇಕು, ನಾನೇ ಮಾಡಿಕೊಂಡೆ. ಕಡ್ಡಿ ಎರಡರಷ್ಟಾದರೆ ಮುಳ್ಳು ಅರ್ಧವೇ ಓಡುತ್ತೆ. ಐದು ತೋರಿಸಿದರೆ ಹತ್ತು ಅಂತ ಓದಬೇಕು. ತೂತಿಗೆ ಬುಷ್ ಹಾಕಿ, ಉದ್ದ ರಾಡ್ ತೂರಿಸಿ, ರಾಡ್ ಮೇಲೆ ಡಯಲ್ ಇಡೋದನ್ನೂ ನೋಡಿದೆ. ರಾಡ್ ತನ್ನ ಭಾರಕ್ಕೇ ಜೋತು ಸುಳ್ಳು ಹೇಳುತ್ತೆ. ಮೇಣ ಸುರಿದು ಸರಳನ್ನು ಕೊಳವೆಯಲ್ಲಿ ಕೂರಿಸೋ ಪ್ರಯೋಗವೂ ಆಯ್ತು: ಕಟ್ ಬಿಸಿಗೆ ಮೇಣ ಮೆತ್ತಗಾಗಿ ಮೆಷಿನ್ ಒರೆಸೋದೇ ಒಂದು ಕೆಲಸ.

ರೀಮರ್‌ಗೆ ಮುಂಚೆ ಸಣ್ಣ ಬೋರಿಂಗ್ ಬಾರ್‌ನಲ್ಲಿ ಟೇಪರ್ ಹೊಡೆದು, ರೀಮರ್‌ಗೆ ಕೂದಲೆಳೆಯಷ್ಟೇ ಉಳಿಸಿ. ಟೇಪರ್ ಹೊಡೆಯದೆ ನೇರವಾಗಿ ರೀಮರನ್ನೇ ನುಗ್ಗಿಸಿದರೆ ಅದು ತನ್ನನ್ನು ಹಿಡಿದ ಟೇಲ್‌ಸ್ಟಾಕ್ (ಲೇತಿನ ಇನ್ನೊಂದು ತುದಿ) ಮಾತು ಕೇಳಿ ಬಾಯಿ ಅಗಲ ಮಾಡುತ್ತೆ. ರೀಮರನ್ನು ತೇಲಿಸಿ ಹಿಡಿಯೋಕೆ ನಾನು ಮಾಡಿಕೊಂಡ ಹೋಲ್ಡರ್ ವಿಷಯ ಇಲ್ಲಿ ಬೇಡ, ಅದರಲ್ಲೇ ನನ್ನ ಊಟ ಇದೆ. ಹೊರಮೈ ಗ್ರೈಂಡಿಂಗ್ ಕೊನೆಗೆ, ಸಾಕೆಟ್‌ಗೆ ಪ್ಲಗ್ ಹಾಕಿಯೇ, ಆಗ ಹೊರಮೈ ಸಾಕೆಟ್‌ಗೆ ಹೊಂದುತ್ತೆ.

ಸರಳು ಹೆಡ್‌ಸ್ಟಾಕ್‌ಗಿಂತ ಗಿಡ್ಡ ಇದ್ದರೆ ಹಿಂದಕ್ಕೆ ಪೈಪ್ ತುಂಡು ಬಿಗಿಯಾಗಿ ಕೂರಿಸಿ. ಮೊದಮೊದಲು ಉದ್ದ ಸರಳನ್ನೇ ತಂದು ಆಮೇಲೆ ಕತ್ತರಿಸಿ ಎಸೀತಿದ್ದೆ, ಜಾಬ್‌ಗೆ ಮುನ್ನೂರು ನಾನೂರು ದಂಡ. ಈಗ ಸಾಕೆಟ್‌ಗೆ ಟೆಸ್ಟ್ ಬಾರ್ (ಓಲಾಟ ನೋಡೋಕೆ ಹಾಕೋ ಸರಳು) ಹಾಕಿದರೆ ಬಾಯಲ್ಲಿ ಐದು ಮೈಕ್ರಾನ್, 200 ಎಂಎಂ ಆಚೆ ಹತ್ತು ಹನ್ನೆರಡು. ಸಾಕೆಟ್ ಒಂದಕ್ಕೆ ಎರಡೂವರೆ ಸಾವಿರ ತಗೋತೀನಿ, ಚೌಕಾಸಿಗೆ ಬಂದವರಿಗೆ ಮೂರು ಜಾ ಚಕ್ ತೋರಿಸ್ತೀನಿ.