ಹೆವಿವೇಟ್ ಬಾಕ್ಸಿಂಗ್ ಪಂದ್ಯಕ್ಕೆ ನೀವೇ ಅಂಕ ಹಾಕಿ

ಮೊದಲು ಟಿವಿ ಧ್ವನಿ ಬಂದ್ ಮಾಡಿ. ಒಂದು ಹಾಳೆಯಲ್ಲಿ ಸುತ್ತಿಗೊಂದರಂತೆ 12 ಸಾಲು, ಬಾಕ್ಸರ್‌ಗೊಂದರಂತೆ ಎರಡು ಕಾಲಂ. ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಒಮ್ಮೆ ಕೆಳಗೆ ಬಿದ್ದರೆ ಸಾಮಾನ್ಯವಾಗಿ 8. ವಿರಾಮದ ಒಂದು ನಿಮಿಷದಲ್ಲೇ ಬರೆದುಬಿಡಿ. ಆಮೇಲೆ ತಿದ್ದಬೇಡಿ, ಕೊನೆಯ ಸುತ್ತಿನ ಅಬ್ಬರ ಹಿಂದಿನದನ್ನೆಲ್ಲ ಮರೆಸುತ್ತದೆ.

ನೋಡಬೇಕಾದ್ದು ಗ್ಲೌಸಿನ ಗೆಣ್ಣಿನ ಭಾಗ ಮುಖಕ್ಕೋ ಪಕ್ಕೆಗೋ ನೇರವಾಗಿ ತಾಗಿತೇ ಎಂಬುದು. ತೋಳಿಗೆ, ಗಾರ್ಡ್‌ಗೆ (ರಕ್ಷಣೆಗೆ ಅಡ್ಡ ಹಿಡಿದ ಕೈಗಳಿಗೆ) ಬಡಿದ ಹೊಡೆತಕ್ಕೆ ಜನ ಕೂಗುತ್ತಾರೆ, ಕಾಮೆಂಟೇಟರೂ ಕೂಗುತ್ತಾನೆ. ಅದು ಲೆಕ್ಕಕ್ಕಿಲ್ಲ. ಎದುರಾಳಿಯ ತಲೆ ಹಿಂದಕ್ಕೆ ಚಿಮ್ಮಿತೇ, ಕಾಲು ತಡವರಿಸಿತೇ? ಸುಮ್ಮನೆ ಮುಂದೆ ನುಗ್ಗುವವನು ಜಾಬ್ (ಮುಂಚಾಚಿದ ಕೈಯ ಚುರುಕಾದ ನೇರ ಏಟು) ತಿನ್ನುತ್ತಲೇ ಇದ್ದರೆ ಅದು ಆಕ್ರಮಣವಲ್ಲ. ಹೆವಿವೇಟ್‌ನಲ್ಲಿ ಎಲ್ಲರೂ ಎಡವುವುದು ಇಲ್ಲೇ: ಒಂದು ಭಾರಿ ಬಲಗೈ ಏಟಿಗೆ ಮರುಳಾಗಿ ಇಡೀ ಮೂರು ನಿಮಿಷದ ಜಾಬ್‌ಗಳನ್ನು ಮರೆಯುತ್ತಾರೆ.

2018ರ ಡಿಯೊಂಟೆ ವೈಲ್ಡರ್–ಟೈಸನ್ ಫ್ಯೂರಿ ಪಂದ್ಯದಲ್ಲಿ ಅಭ್ಯಾಸ ಮಾಡಿ. ಫ್ಯೂರಿ 9 ಮತ್ತು 12ನೇ ಸುತ್ತಿನಲ್ಲಿ ಬಿದ್ದ. ತೀರ್ಪುಗಾರರ ಅಂಕ: 115-111 ವೈಲ್ಡರ್‌ಗೆ, 114-112 ಫ್ಯೂರಿಗೆ, 113-113 ಸಮ.

ಈಗ ಧ್ವನಿ ಹಾಕಿ ಮತ್ತೆ ನೋಡಿ. ಕಾಮೆಂಟೇಟರ್ ಯಾರ ಹೆಸರು ಎಷ್ಟು ಸಲ ಹೇಳಿದ, ತಾಗದ ಏಟಿಗೆ ಯಾರನ್ನು ಹೊಗಳಿದ ಎಂದು ಗೀಟು ಹಾಕುತ್ತಾ ಹೋಗಿ.