ನಾಯಿ ಬೆಕ್ಕಿನ ಮಳೆ ಸುರಿದದ್ದು ಯಾವಾಗ? ಇಂಗ್ಲಿಷ್ ನುಡಿಗಟ್ಟಿನ ಬೇರು ಹುಡುಕುವ ಬಗೆ

ಮಳೆಗಾಲ ಶುರುವಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಥೆ ತಪ್ಪದೆ ಬರುತ್ತದೆ. ಹಿಂದೆ ಇಂಗ್ಲೆಂಡಿನ ಮನೆಗಳಿಗೆ ಹುಲ್ಲಿನ ಮಾಡು ಇತ್ತಂತೆ, ಬೆಚ್ಚಗಿರಲೆಂದು ನಾಯಿ ಬೆಕ್ಕುಗಳು ಅದರಲ್ಲೇ ಮಲಗುತ್ತಿದ್ದವಂತೆ, ಜೋರು ಮಳೆಗೆ ಹುಲ್ಲು ಜಾರಿ ದಬದಬನೆ ಕೆಳಗೆ ಬೀಳುತ್ತಿದ್ದವಂತೆ. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಎಂಬ ಮಾತು ಹುಟ್ಟಿದ್ದು ಹೀಗಂತೆ. ಮಲೆನಾಡಿನ ಸೋಗೆ ಮಾಡು ಕಂಡವರು ಇದನ್ನು ನಂಬಲಾರರು. ಬೆಕ್ಕೇನೋ ಮಾಡು ಹತ್ತೀತು, ನಾಯಿ? ಮಳೆ ಬಂದರೆ ಅದು ಜಗಲಿಯ ಮೂಲೆ ಹುಡುಕುತ್ತದೆ. 1999ರಲ್ಲಿ ಇ-ಮೇಲ್‌ಗಳಲ್ಲಿ ಹರಿದಾಡಿದ ಕಟ್ಟುಕಥೆಗಳ ಗಂಟಿನಲ್ಲಿ ಇದೂ ಒಂದು.

ಇಂಥ ‘ಅಂತೆ’ಗಳನ್ನು ಜರಡಿ ಹಿಡಿಯಲು ನಾನು ಅನುಸರಿಸುವ ದಾರಿ ಇದು.

ಹಂತ 1: ಕಥೆ ಪಕ್ಕಕ್ಕಿಡಿ, ಅರ್ಥ ಹಿಡಿಯಿರಿ

ನುಡಿಗಟ್ಟನ್ನು ಬಿಡಿ ಪದಗಳಾಗಿ ಒಡೆಯಬೇಡಿ. ಅದು ಬಂದಿರುವ ಎರಡು ಮೂರು ವಾಕ್ಯ ಓದಿ, ಕನ್ನಡದಲ್ಲಿ ಅದೇ ಸಂದರ್ಭಕ್ಕೆ ನಾವೇನು ಹೇಳುತ್ತೇವೆ ನೋಡಿ. ನಾಯಿ ಬೆಕ್ಕಿನ ಮಳೆ ಎಂದರೆ ನಮ್ಮ ಕುಂಭದ್ರೋಣ ಮಳೆ. ಕುಂಭ, ದ್ರೋಣ ಎರಡೂ ಹಳೆಯ ಅಳತೆಗಳು. ಅವರು ಪ್ರಾಣಿ ಸುರಿದರು, ನಾವು ಅಳತೆಯ ಪಾತ್ರೆ ಮಗುಚಿದೆವು, ಅಷ್ಟೆ.

ಹಂತ 2: ಇಸವಿ ಕೇಳಿ

ಇದೇ ಮುಖ್ಯ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಂಥ ದೊಡ್ಡ ಕೋಶಗಳು ಒಂದು ಮಾತು ಬರಹದಲ್ಲಿ ಕಂಡ ಹಳೆಯ ಉದಾಹರಣೆಗಳನ್ನು ಇಸವಿ ಸಮೇತ ಕೊಡುತ್ತವೆ. 1651ರಲ್ಲಿ ಪ್ರಕಟವಾದ ಹೆನ್ರಿ ವಾನ್‌ನ ಕವನವೊಂದರಲ್ಲಿ ನಾಯಿ ಬೆಕ್ಕುಗಳ ಮಳೆ ಆಗಲೇ ಸುರಿದಿದೆ. ಜೋನಾಥನ್ ಸ್ವಿಫ್ಟ್ 1738ರಲ್ಲಿ ಇಂದಿನ ರೂಪದಲ್ಲೇ ಬಳಸುತ್ತಾನೆ. ಅದಕ್ಕೂ ಮೊದಲು, 1710ರಲ್ಲಿ, ಲಂಡನ್ ಮಳೆಯ ಬಗ್ಗೆ ಅವನು ಬರೆದ ಪದ್ಯದಲ್ಲಿ ಸತ್ತ ಬೆಕ್ಕು, ಮುಳುಗಿದ ನಾಯಿಮರಿಗಳು ಚರಂಡಿ ನೀರಿನಲ್ಲಿ ತೇಲಿ ಬರುತ್ತವೆ. ಮಾತು ಹುಟ್ಟಿದ್ದೇ ಅಲ್ಲಿಂದ ಎಂದು ಹೇಳುವವರಿದ್ದಾರೆ. ಇಸವಿ ಒಪ್ಪುವುದಿಲ್ಲ: ಮಗ ಹುಟ್ಟಿದ ಮೇಲೆ ಅಪ್ಪ ಹುಟ್ಟಿದ ಹಾಗಾಗುತ್ತದೆ.

ಹಂತ 3: ವಸ್ತುವನ್ನೇ ನೋಡಿ

‘ಬೈಟ್ ದ ಬುಲೆಟ್’ ಎಂದರೆ ಹಲ್ಲು ಕಚ್ಚಿ ಸಹಿಸುವುದು. 1857ರ ಸಿಪಾಯಿಗಳು ಕೊಬ್ಬು ಸವರಿದ ತೋಟಾ ಕಚ್ಚಬೇಕಾದ ಪ್ರಸಂಗವನ್ನು ಇದಕ್ಕೆ ತಗುಲಿಸುವುದುಂಟು. ಆದರೆ ಅವರು ಕಚ್ಚಬೇಕಾಗಿದ್ದುದು ತೋಟಾದ ಕಾಗದದ ತುದಿಯನ್ನು, ಗುಂಡನ್ನಲ್ಲ. ಫ್ರಾನ್ಸಿಸ್ ಗ್ರೋಸ್‌ನ ಗ್ರಾಮ್ಯ ಪದಗಳ ಕೋಶದ 1796ರ ಆವೃತ್ತಿಯಲ್ಲಿ ಬೇರೆಯೇ ಚಿತ್ರವಿದೆ: ಚಾಟಿಯೇಟು ತಿನ್ನುವ ಸೈನಿಕ ಕೂಗಿಕೊಂಡರೆ ಅವಮಾನ, ಹಾಗಾಗಿ ಬಾಯಲ್ಲಿ ಗುಂಡು ಅಗಿಯುತ್ತಿದ್ದ. ಕೂಗಿದವನಿಗೆ ‘ನೈಟಿಂಗೇಲ್’ ಎಂಬ ಅಡ್ಡಹೆಸರು. ಅರ್ಥಕ್ಕೂ ವಸ್ತುವಿಗೂ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹಾಗೆಯೇ, ಕುಡಿದು ತೂರಾಡುವವನನ್ನು ‘ತ್ರೀ ಶೀಟ್ಸ್ ಟು ದ ವಿಂಡ್’ ಎಂದರೆ ಹಾಸಿಗೆಯ ಹೊದಿಕೆ ಹುಡುಕಬೇಡಿ. ನಾವಿಕರಿಗೆ ಶೀಟ್ ಎಂದರೆ ಹಾಯಿ ಬಿಗಿಯುವ ಹಗ್ಗ. ಅದು ಸಡಿಲಾದರೆ ಹಡಗೂ ತೂರಾಡುತ್ತದೆ.

ಹಂತ 4: ಸಾಕ್ಷಿಯಿದ್ದರೆ ಸೊಗಸಾದ ಕಥೆಯನ್ನೂ ಒಪ್ಪಿ

ರಂಜಕವಾದದ್ದೆಲ್ಲ ಸುಳ್ಳಲ್ಲ. 1709ರಲ್ಲಿ ಜಾನ್ ಡೆನಿಸ್ ಎಂಬ ನಾಟಕಕಾರ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ತನ್ನ ನಾಟಕಕ್ಕೆಂದು ಗುಡುಗಿನ ಸದ್ದಿನ ಹೊಸ ಉಪಾಯ ಮಾಡಿದ. ನಾಟಕ ಮಕಾಡೆ ಮಲಗಿತು, ಗುಡುಗು ಮಾತ್ರ ಉಳಿಯಿತು. ಸ್ವಲ್ಪ ದಿನಕ್ಕೆ ಅದೇ ರಂಗದ ಮ್ಯಾಕ್‌ಬೆತ್ ಪ್ರದರ್ಶನದಲ್ಲಿ ಆ ಸದ್ದು ಕೇಳಿ, ನನ್ನ ಗುಡುಗನ್ನೇ ಕದ್ದರಲ್ಲ ಎಂದು ಅರಚಿದ. ಇನ್ನೊಬ್ಬರ ಹೆಗ್ಗಳಿಕೆಯನ್ನು ತಾನು ಹೊಡೆದುಕೊಳ್ಳುವುದು ‘ಸ್ಟೀಲ್ ಒನ್ಸ್ ಥಂಡರ್’ ಆಯಿತು. ಪಾಪದ ಡೆನಿಸ್‌ನ ನಾಟಕ ಯಾರಿಗೂ ನೆನಪಿಲ್ಲ.

ಹ್ಯಾಟ್ರಿಕ್‌ನದೂ ಇಂಥದೇ. 1858ರಲ್ಲಿ ಶೆಫೀಲ್ಡ್‌ನಲ್ಲಿ ಎಚ್. ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತಾಗ ಜನ ಹಣ ಕೂಡಿಸಿ ಅವನಿಗೊಂದು ಟೋಪಿ ಕೊಡಿಸಿದರು. ಮೊದಲ ಮೂರು ಚಿತ್ರ ಗೆದ್ದ ಶಿವರಾಜ್‌ಕುಮಾರ್ ನಮಗೆ ‘ಹ್ಯಾಟ್ರಿಕ್ ಹೀರೊ’ ಆಗುವ ಹೊತ್ತಿಗೆ ಟೋಪಿ ಎಲ್ಲೋ ಕಳೆದುಹೋಗಿತ್ತು.

ಹಂತ 5: ಮನೆಯೊಳಗೂ ಹುಡುಕಿ

ಮೊಸಳೆ ಕಣ್ಣೀರು, ಹಸಿರು ನಿಶಾನೆ, ಕೆಂಪು ಪಟ್ಟಿ, ಬಿಳಿಯಾನೆ. ಪತ್ರಿಕೆಯ ಒಂದೇ ಪುಟದಲ್ಲಿ ಇವೆಲ್ಲ ಸಿಗುತ್ತವೆ. ಇವುಗಳ ಇಂಗ್ಲಿಷ್ ಜೋಡಿಯನ್ನು ಪಕ್ಕದಲ್ಲಿ ಬರೆದು, ಎರಡನೇ ಹಂತಕ್ಕೆ ಹಿಂತಿರುಗಿ.

ಈಗ ನೀವೇ ಪರೀಕ್ಷಿಸಿ. ‘ಸೇವ್ಡ್ ಬೈ ದ ಬೆಲ್’ ಎಂದರೆ ಕೊನೆ ಗಳಿಗೆಯಲ್ಲಿ ಪಾರಾಗುವುದು; ಅದರ ಬಗ್ಗೆ ಎರಡು ಕಥೆಗಳಿವೆ. ಜೀವಂತ ಹೂತುಹೋದವರು ಶವಪೆಟ್ಟಿಗೆಯೊಳಗಿಂದ ಗಂಟೆ ಬಾರಿಸಿ ಬದುಕಿಕೊಳ್ಳುತ್ತಿದ್ದರು ಎಂಬುದು ಒಂದು. ಬಾಕ್ಸಿಂಗ್ ಕಣದಲ್ಲಿ ಸುತ್ತು ಮುಗಿದ ಗಂಟೆ ಹೊಡೆದಾಗ ಸೋಲುತ್ತಿದ್ದವನು ಬಚಾವಾಗುತ್ತಿದ್ದ ಎಂಬುದು ಇನ್ನೊಂದು. ಒಂದು ಸುಳಿವು: ಮೂರು ನಿಮಿಷದ ಸುತ್ತು ಬಂದದ್ದು ಬಾಕ್ಸಿಂಗ್‌ಗೆಂದು ಮಾಡಿದ 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ.