ಸಣ್ಣ ಲ್ಯಾಬಿನಲ್ಲಿ ಏಲಕ್ಕಿ ಬಾಳೆ ಟಿಶ್ಯೂ ಕಲ್ಚರ್: ನನ್ನ ಅನುಭವ

"ಸಣ್ಣ ಲ್ಯಾಬಿನವರು ಜಿ-9 ಮಾಡ್ಕೊಂಡು ಇರಬೇಕು, ಏಲಕ್ಕಿಗೆ ಕೈ ಹಾಕಿದರೆ ಸಾಲ ತೀರೋದಿಲ್ಲ" ಅಂತ ನನಗೆ ಹೇಳದವರಿಲ್ಲ. ಟಿಶ್ಯೂ ಕಲ್ಚರ್ ಅಂದರೆ ಗಿಡದ ಚೂರಿನಿಂದ ಬಾಟಲಿಯೊಳಗೆ ಸಸಿ ಬೆಳೆಸುವುದು; ಜಿ-9 ಅಂದರೆ ಗ್ರ್ಯಾಂಡ್ ನೈನ್ ತಳಿಯ ಬಾಳೆ. ಕಳೆದ ವರ್ಷ ನಮ್ಮ ಲ್ಯಾಬಿನಿಂದ ಹತ್ತಿರ ಹತ್ತಿರ ಒಂದೂವರೆ ಲಕ್ಷ ಏಲಕ್ಕಿ ಸಸಿ ಹೊರಗೆ ಹೋಗಿದೆ. ಕಂಟ್ಯಾಮಿನೇಷನ್ (ಫಂಗಸ್, ಬ್ಯಾಕ್ಟೀರಿಯಾ ಸೇರಿ ಬಾಟಲಿ ಕೆಡುವುದು) ನೂರಕ್ಕೆ ಮೂರೋ ನಾಲ್ಕೋ. ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಂಎಸ್ ಮೀಡಿಯಾ (ಚೂರು ಬೆಳೆಯುವ ಪೋಷಕ ಪಾಕ), ಆಟೋಕ್ಲೇವ್ (ಆವಿಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ), ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ ಕೆಲಸದ ಮೇಜು) ಬಳಸಿ ಗೊತ್ತಿರುವವರಿಗೆ ಇದು. 121 ಡಿಗ್ರಿ ಯಾಕೆ, ಪಿಎಚ್ 5.8 ಯಾಕೆ ಅನ್ನುವ ಪಾಠ ಇಲ್ಲಿಲ್ಲ.

ನಾನು ಬೊಮ್ಮಸಂದ್ರದ ಒಂದು ಔಷಧ ಕಂಪನಿಯ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷೆಯ ವಿಭಾಗ) ಆರೇಳು ವರ್ಷ ಇದ್ದವಳು. ಲ್ಯಾಬ್ ಮಾಡಿದ್ದು ಮೈಸೂರಿನ ಹೊರವಲಯದಲ್ಲಿ, ಬಾಡಿಗೆ ಕಟ್ಟಡದಲ್ಲಿ. ಪಿಎಂಇಜಿಪಿಯಲ್ಲಿ (ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರದ ಸಾಲ-ಸಬ್ಸಿಡಿ ಯೋಜನೆ) 25 ಲಕ್ಷದ ಯೋಜನೆ, ಅದರ ಮೇಲೆ ನನ್ನ ಒಡವೆ ಅಡ ಇಟ್ಟ ನಾಲ್ಕೈದು ಲಕ್ಷ. ಎರಡು ಲ್ಯಾಮಿನಾರ್, ಎರಡು ವರ್ಟಿಕಲ್ ಆಟೋಕ್ಲೇವ್, ಗ್ರೋತ್ ರೂಮಿಗೆ ಎಸಿ, ರ‍್ಯಾಕು, ಜನರೇಟರ್, ಆಮೇಲೆ ಬಾಟಲಿ. ಬಾಟಲಿಗೆ ಇಷ್ಟು ದುಡ್ಡು ಹೋಗುತ್ತದೆ ಅಂತ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇರುವುದಿಲ್ಲ. ಕರೆಂಟ್ ಬಿಲ್ ತಿಂಗಳಿಗೆ ಮೂವತ್ತೈದು ಸಾವಿರದ ಆಸುಪಾಸು, ಬೇಸಿಗೆಯಲ್ಲಿ ಇನ್ನೂ ಮೇಲೆ.

ಮೊದಲ ವರ್ಷ ನೂರಕ್ಕೆ ಮೂವತ್ತೈದು ನಲವತ್ತು ಬಾಟಲಿ ಎಸೆದಿದ್ದೇವೆ. ಮೀಡಿಯಾ, ಕೂಲಿ, ಕರೆಂಟ್ ಸೇರಿ ಒಂದು ಬಾಟಲಿಗೆ ಇಪ್ಪತ್ತು ಇಪ್ಪತ್ತೈದು ರೂಪಾಯಿ ಬೀಳುತ್ತದೆ, ಲೆಕ್ಕ ಹಾಕಿಕೊಳ್ಳಿ. ಫಂಗಸ್ ಆದರೆ ಮೂರೇ ದಿನಕ್ಕೆ ಕಾಣುತ್ತದೆ, ಎಸೆಯಬಹುದು. ಏಲಕ್ಕಿಯಲ್ಲಿ ನಮ್ಮನ್ನು ಸಾಯಿಸಿದ್ದು ಗಿಡದ ಒಳಗೇ ಕೂತ ಬ್ಯಾಕ್ಟೀರಿಯಾ. ಮರ್ಕ್ಯುರಿಕ್ ಕ್ಲೋರೈಡು, ಹೈಪೋಕ್ಲೋರೈಟ್ ಎರಡೂ ಮೇಲ್ಮೈ ತೊಳೆಯುತ್ತವೆಯೇ ಹೊರತು ಒಳಗಿನದ್ದಕ್ಕೆ ಮುಟ್ಟುವುದಿಲ್ಲ. ಮೂರು ನಾಲ್ಕು ಸಬ್‌ಕಲ್ಚರ್ (ಮರಿ ಬಿಡಿಸಿ ಹೊಸ ಮೀಡಿಯಾಗೆ ಹಾಕುವ ಸುತ್ತು, ಸೈಕಲ್ ಅನ್ನುವುದೂ ಇದನ್ನೇ) ತನಕ ಮರಿಗಳು ಹಸಿರಾಗಿ ಚೆನ್ನಾಗಿರುತ್ತವೆ. ಆಮೇಲೆ ಒಂದು ದಿನ ಬುಡದ ಸುತ್ತ ಹಾಲಿನ ಹಾಗೆ ತೆಳು ಪೊರೆ. ಅಷ್ಟು ಹೊತ್ತಿಗೆ ಒಂದು ಕಂದು (ತಾಯಿ ಬಾಳೆಯ ಬುಡದಿಂದ ಬರುವ ಮರಿ ಗಿಡ) ನೂರಾರು ಬಾಟಲಿಯಾಗಿರುತ್ತದೆ.

ಎಲ್ಲರೂ ಹೇಳುವ ಹಾಗೆ ಸೆಫೋಟ್ಯಾಕ್ಸಿಮ್ ಹಾಕಿದೆವು, ಸ್ಟ್ರೆಪ್ಟೋಮೈಸಿನ್ ಹಾಕಿದೆವು. ಇದ್ದಷ್ಟು ದಿನ ಪೊರೆ ಇಲ್ಲ, ತೆಗೆದ ಮುಂದಿನ ಸೈಕಲ್ಲಿಗೆ ಮತ್ತೆ ಹಾಜರ್. ಜೊತೆಗೆ ಮರಿ ಹುಟ್ಟುವುದೂ ನಿಧಾನವಾಯಿತು. ಔಷಧಿಗೇ ತೊಂಬತ್ತು ಸಾವಿರ ಮೇಲೆ ಹೋಯಿತು. ನನ್ನ ಅಭಿಪ್ರಾಯದಲ್ಲಿ ಬಾಳೆಯ ಮಲ್ಟಿಪ್ಲಿಕೇಷನ್‌ನಲ್ಲಿ (ಮರಿ ಹೆಚ್ಚಿಸುವ ಹಂತದಲ್ಲಿ) ಆಂಟಿಬಯೋಟಿಕ್ ಹಾಕುವುದು ರೋಗವನ್ನು ಮುಚ್ಚಿಟ್ಟು ಸಾಕಿದಂತೆ. ಈಗ ನಮ್ಮ ಲ್ಯಾಬಿನಲ್ಲಿ ಒಂದು ಹನಿಯೂ ಇಲ್ಲ.

ಕೆಲಸ ಮಾಡಿದ್ದು ಔಷಧ ಕಂಪನಿಯ ಅಭ್ಯಾಸ. ಅಲ್ಲಿ ಬ್ಯಾಚ್ ರೆಕಾರ್ಡ್ ಇಲ್ಲದೆ ಒಂದು ಬಾಟಲಿಯೂ ಬಾಗಿಲು ದಾಟುವುದಿಲ್ಲ. ಅದನ್ನೇ ಬಾಳೆಗೆ ತಂದೆ. ಒಂದು ಕಂದು ಅಂದರೆ ಒಂದು ಲೈನ್. ಯಾವ ತೋಟ, ಯಾವ ತಾಯಿ ಗಿಡ, ಯಾವ ತಾರೀಖು, ಯಾರ ಕೈ, ಎಲ್ಲ ರಿಜಿಸ್ಟರಿನಲ್ಲಿ. ಎರಡು ಲೈನ್ ಒಂದೇ ದಿನ ಒಂದೇ ಲ್ಯಾಮಿನಾರ್‌ನಲ್ಲಿ ಕೂರಬೇಕಾದರೆ ನಡುವೆ ಚಾಕು, ಚಿಮಟ, ತಟ್ಟೆ ಎಲ್ಲ ಬದಲು. ಮೊದಲ ಬಾಟಲಿಗೆ ಹಾಕುವ ಇನಿಷಿಯೇಷನ್‌ನಲ್ಲಿ ಒಮ್ಮೆ, ಎರಡನೇ ಸಬ್‌ಕಲ್ಚರ್‌ನಲ್ಲಿ ಒಮ್ಮೆ, ನಾಲ್ಕನೆಯದರಲ್ಲಿ ಒಮ್ಮೆ ಬುಡದಿಂದ ಚೂರು ಕೊಯ್ದು ಬ್ಯಾಕ್ಟೀರಿಯಾ ಇದ್ದರೆ ಬೆಳೆದು ಕದಡುವ ನ್ಯೂಟ್ರಿಯೆಂಟ್ ಬ್ರಾತ್‌ಗೆ ಹಾಕಿ ಒಂದು ವಾರ 30 ಡಿಗ್ರಿಯಲ್ಲಿ ಇಡುತ್ತೇವೆ. ಬ್ರಾತ್ ಕದಡಿತೋ, ಆ ಲೈನ್ ಪೂರ್ತಿ ಆಟೋಕ್ಲೇವ್‌ಗೆ ಹೋಗಿ ಆಮೇಲೆ ಗುಂಡಿಗೆ.

ಈ ಕಡೆಯ ಮಾತು ಪಾಲಿಸುವುದೇ ಕಷ್ಟ. ಒಂದು ಲೈನಿನಲ್ಲಿ ಐನೂರು ಚಿಲ್ಲರೆ ಬಾಟಲಿ ಎಸೆಯಲು ಹೇಳಿದ ದಿನ ನಮ್ಮ ಹುಡುಗಿಯೊಬ್ಬಳು "ಮೇಡಂ, ನೋಡಕ್ಕೆ ಎಷ್ಟು ಚೆನ್ನಾಗಿದೆ, ಇನ್ನೊಂದು ಸಲ ನೋಡಣ" ಅಂತ ಬೇಡಿಕೊಂಡಳು. ಒಂದು ಡಜನ್ ಬಾಟಲಿ ಬೇರೆ ರೂಮಿನಲ್ಲಿ ಇಟ್ಟು, ಉಳಿದದ್ದು ಎಸೆಸಿದೆ. ಮೂರ್ನಾಲ್ಕು ವಾರಕ್ಕೆ ಆ ಡಜನ್ನೂ ಬುಡದಲ್ಲಿ ಬೆಳ್ಳಗಾಯಿತು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಇಪ್ಪತ್ತೈದು ಕಂದು ತಂದರೆ ಎಂಟೋ ಹತ್ತೋ ಲೈನ್ ಉಳಿಯುತ್ತವೆ. ಅಷ್ಟು ಸಾಕು.

ಕಂದು ತರುವುದು ಚಾಮರಾಜನಗರ ಕಡೆಯ ಎರಡು ಮೂರು ತೋಟಗಳಿಂದ, ಫೆಬ್ರವರಿ ಮಾರ್ಚಿನಲ್ಲಿ, ಮಣ್ಣು ಒಣಗಿದ್ದಾಗ. ಮಳೆಗಾಲದ ಕಂದು ಬಿಟ್ಟಿ ಕೊಟ್ಟರೂ ಬೇಡ. ತಾಯಿ ಗಿಡದ ಎಲೆಯನ್ನು ಮೊದಲೇ ವೈರಸ್ ಟೆಸ್ಟಿಗೆ ಕಳಿಸುತ್ತೇವೆ. ಏಲಕ್ಕಿಯಲ್ಲಿ 'ಬಿ' ಜೀನೋಮ್ (ಕಾಡು ಬಾಳೆ ಮ್ಯೂಸಾ ಬಾಲ್ಬಿಸಿಯಾನಾದಿಂದ ಬಂದ ವಂಶವಾಹಿಗಳು) ಇರುವುದರಿಂದ ಎಲೆಯಲ್ಲಿ ಗೀರು ಮೂಡಿಸುವ ಸ್ಟ್ರೀಕ್ ವೈರಸ್ ಗಿಡದ ಡಿಎನ್‌ಎಯಲ್ಲೇ ಅಡಗಿದ್ದು ಕಲ್ಚರ್‌ನ ಒತ್ತಡಕ್ಕೆ ಎದ್ದು ಬರಬಹುದು, ಹಾಗಾಗಿ ಮರಿಗಳನ್ನೂ ಮತ್ತೆ ಟೆಸ್ಟ್ ಮಾಡಿಸುತ್ತೇವೆ. ಎಂಟು ಸೈಕಲ್ ದಾಟಿಸುವುದಿಲ್ಲ. ಮೊದಲ ತೊಳೆತ ಎಲ್ಲರದ್ದೇ. ಎರಡನೇ ತೊಳೆತದಲ್ಲಿ ಏನು ಹಾಕುತ್ತೇವೆ, ನಾಲ್ಕನೇ ಸೈಕಲ್ಲಿನಿಂದ ಬಿಎಪಿಯನ್ನು (ಮರಿ ಹುಟ್ಟಿಸುವ ಹಾರ್ಮೋನು) ಎಷ್ಟಕ್ಕೆ ಇಳಿಸುತ್ತೇವೆ ಅನ್ನುವುದನ್ನು ನಾನು ಬರೆಯುವುದಿಲ್ಲ. ಅದರಿಂದಲೇ ನಮ್ಮ ಊಟ.

ಫಂಗಸ್ ಬಗ್ಗೆ ಒಂದು ಮಾತು. ಚುಕ್ಕೆಗಳು ಮೀಡಿಯಾ ಮೇಲೆ ಎಲ್ಲೆಂದರಲ್ಲಿ ಇದ್ದರೆ ಕೈಯದ್ದೋ ಗಾಳಿಯದ್ದೋ ತಪ್ಪು. ಸಾಲಾಗಿ, ಯಾರೋ ನಡೆದುಹೋದ ಹಾಗೆ ಇದ್ದರೆ ನುಸಿ ಹೊಕ್ಕಿದೆ. ಆ ರ‍್ಯಾಕನ್ನೇ ಖಾಲಿ ಮಾಡಿ. ಒಂದು ಬಾಟಲಿ ಎಸೆದು ಸುಮ್ಮನಾದರೆ ವಾರದಲ್ಲಿ ಪಕ್ಕದ ರ‍್ಯಾಕೂ ಹೋಗುತ್ತದೆ.

ಖರ್ಚು ಉಳಿಸಲು ಏನೇನೋ ಮಾಡಿದ್ದೇವೆ. ಲ್ಯಾಬ್ ಸುಕ್ರೋಸ್ ಬಿಟ್ಟು ಅಂಗಡಿಯ ಬಿಳಿ ಸಕ್ಕರೆ ಲೀಟರಿಗೆ 30 ಗ್ರಾಂ ಹಾಕಿದೆವು, ಎಳ್ಳಷ್ಟೂ ವ್ಯತ್ಯಾಸ ಇಲ್ಲ, ಇವತ್ತಿಗೂ ಅದೇ. ಮೀಡಿಯಾ ಗಟ್ಟಿ ಮಾಡುವ ಅಗಾರ್ ಬದಲು ಸಬ್ಬಕ್ಕಿ ಹಿಟ್ಟು ಪ್ರಯತ್ನಿಸಿದೆವು. ಗಟ್ಟಿಯಾಯಿತು, ಮರಿಯೂ ಬಂತು, ಆದರೆ ಮೀಡಿಯಾ ಮಬ್ಬು. ಬಾಟಲಿಯನ್ನು ದೀಪಕ್ಕೆ ಹಿಡಿದರೆ ಬುಡದ ಪೊರೆ ಕಾಣಲೇ ಇಲ್ಲ, ಅಲ್ಲಿಗೆ ಕೈಬಿಟ್ಟೆ. ಇಸಬಗೋಲು ಪರವಾಗಿಲ್ಲ, ಆದರೆ ಹಾರ್ಡನಿಂಗ್‌ಗೆ (ಬಾಟಲಿಯಿಂದ ತೆಗೆದು ಹೊರಗಿನ ಹವೆಗೆ ಒಗ್ಗಿಸಲು) ಹೋಗುವಾಗ ಅದನ್ನು ಬೇರಿನಿಂದ ತೊಳೆಯುವುದರೊಳಗೆ ಬೇರೇ ಕಿತ್ತು ಬರುತ್ತದೆ. ಎಳನೀರು ಹಾಕಿದಾಗ ಒಂದು ಬ್ಯಾಚ್ ನಂಬಲಾರದಷ್ಟು ಚೆನ್ನಾಗಿ ಬಂತು, ಮುಂದಿನದ್ದು ಸಪ್ಪೆ. ಎಳನೀರು ಕಾಯಿಂದ ಕಾಯಿಗೆ ಬೇರೆ.

ಲ್ಯಾಮಿನಾರ್‌ನಲ್ಲಿ ಕೂರುವ ಎಂಟೂ ಜನ ಸುತ್ತಮುತ್ತಲ ಹಳ್ಳಿಯ ಹೆಣ್ಣುಮಕ್ಕಳು, ಪಿಯುಸಿ ಓದಿದವರು. ಯಾರ ಬಾಟಲಿ ಎಷ್ಟು ಕೆಟ್ಟಿತು ಅಂತ ವಾರಕ್ಕೊಮ್ಮೆ ಗೋಡೆಗೆ ಅಂಟಿಸುತ್ತೇವೆ, ಕಡಿಮೆ ಕೆಡಿಸಿದವರಿಗೆ ಸಂಬಳದ ಮೇಲೆ ಇಷ್ಟು ಅಂತ ಕೊಡುತ್ತೇವೆ. ಎಂಎಸ್ಸಿ ಬಯೋಟೆಕ್ ಮುಗಿಸಿ ಬರುವ ಮಕ್ಕಳು ಮೊದಲ ದಿನವೇ ಆರ್ ಅಂಡ್ ಡಿ ಕೇಳುತ್ತಾರೆ. ಅವರಿಗೆ ಹೇಳುವುದು ಇಷ್ಟೇ: ಆರು ತಿಂಗಳು ಲ್ಯಾಮಿನಾರ್‌ನಲ್ಲಿ ಕೂತು ಕೈ ಪಳಗಿಸಿ, ರಿಜಿಸ್ಟರ್ ಬರೆಯುವುದು ಕಲಿಯಿರಿ. ಶುರುವಿಗೆ ಹದಿನೈದರಿಂದ ಹದಿನೆಂಟು ಸಾವಿರ ಸಿಗುತ್ತದೆ, ಕಡಿಮೆಯೇ. ಆದರೆ ಹಾಗೆ ಕೂತವರಲ್ಲಿ ಇಬ್ಬರು ಈಗ ಬೆಂಗಳೂರಿನ ಕಂಪನಿಗಳ ಕ್ಯೂಸಿ, ಫರ್ಮೆಂಟೇಷನ್ ವಿಭಾಗಗಳಲ್ಲಿ ನನ್ನ ಹಳೇ ಸಂಬಳಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಿದ್ದಾರೆ. ಹೊಲದ ಕೆಲಸ ಬಯೋಟೆಕ್ ಅಲ್ಲ ಅನ್ನುವವರಿಗೆ ಬಯೋಕಾನ್ ಕಥೆ ಹೇಳುತ್ತೇನೆ. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಶುರುವಾದಾಗ ಅವರು ತೆಗೆಯುತ್ತಿದ್ದುದು ಪಪ್ಪಾಯಿ ಹಾಲಿನ ಪಪೈನ್ ಎಂಬ ಕಿಣ್ವ.

ಏಲಕ್ಕಿ ಸಸಿಗೆ ಈಗ ಇಪ್ಪತ್ತು ಇಪ್ಪತ್ತೆರಡು ರೂಪಾಯಿ, ಜಿ-9ಗೆ ಹದಿನಾಲ್ಕು ಹದಿನೈದು. ಬ್ಯಾಂಕಿನ ಸಾಲದಲ್ಲಿ ಅರ್ಧದ ಮೇಲೆ ತೀರಿದೆ, ಒಡವೆ ಮನೆಗೆ ಬಂದಿದೆ.

ಈಗ ನಂಜನಗೂಡು ರಸಬಾಳೆಯ ಆರು ಲೈನ್ ಬ್ರಾತ್ ಟೆಸ್ಟ್ ಪಾಸಾಗಿ ರ‍್ಯಾಕಿನಲ್ಲಿವೆ. ಸಸಿ ಕೇಳಿಕೊಂಡು ಬರುವವರು ಆಗಲೇ ಇದ್ದಾರೆ. ಅವರಿಗೆ ಕೊಡುವ ಮೊದಲು ಭೂಮಿ ಎಲ್ಲಿಯದು ಅಂತ ಕೇಳುತ್ತೇನೆ. ನಮ್ಮ ಸಸಿ ಶುದ್ಧ, ಆದರೆ ಪನಾಮ ಸೊರಗು ರೋಗಕ್ಕೆ ಅದೇನೂ ತಡೆಯಲ್ಲ, ಆ ರೋಗ ತರುವ ಮಣ್ಣಿನ ಫಂಗಸ್ ಫ್ಯುಸೇರಿಯಂ ವರ್ಷಗಟ್ಟಲೆ ಉಳಿಯುತ್ತದೆ. ರಸಬಾಳೆ ಸೊರಗಿ ಸತ್ತ ಹೊಲಕ್ಕೆ ಅದನ್ನೇ ಮತ್ತೆ ಹಾಕುತ್ತೇನೆ ಅನ್ನುವವರಿಗೆ, ದುಡ್ಡು ಮುಂಗಡ ಕೊಟ್ಟರೂ, ಸದ್ಯಕ್ಕೆ ಸಸಿ ಕೊಡುತ್ತಿಲ್ಲ.